ನೌರಸ್: ಸುಲ್ತಾನನೊಬ್ಬನ ಹಾಡಿನ ಹೊತ್ತಗೆ

ಹಾಡುಗಾರನೊಬ್ಬ ತಾನೇ ಕಟ್ಟಿ ತಾನೇ ಹಾಡಿದ ಹಾಡುಗಳನ್ನು ಒಟ್ಟುಗೂಡಿಸಿ ಹೊರತರುವುದು ನಮ್ಮ ಕಾಲದ ರೂಢಿ ಎಂದು ನಾವು ತಿಳಿದಿದ್ದೇವೆ. ಮೊದಲು ಕ್ಯಾಸೆಟ್ಟುಗಳು ಬಂದವು, ಆಮೇಲೆ ನಾಲ್ಕೈದು ಸಿ.ಡಿ.ಗಳನ್ನು ಒಂದೇ ಡಬ್ಬಿಯಲ್ಲಿಟ್ಟು ಮಾರುವ ಪದ್ಧತಿ ಬಂತು. ಒಂದು ತಟ್ಟೆಯಲ್ಲಿ ಭಕ್ತಿಗೀತೆ, ಇನ್ನೊಂದರಲ್ಲಿ ಪ್ರೇಮಗೀತೆ, ಮತ್ತೊಂದರಲ್ಲಿ ಹಬ್ಬದ ಹಾಡು, ಕೊನೆಯದರಲ್ಲಿ ಗುರುಸ್ಮರಣೆ. ಹಿರಿಯ ಹಾಡುಗಾರರ ಒಂದು ಬದುಕಿನ ದುಡಿಮೆಯೆಲ್ಲ ಹೀಗೆ ಒಂದು ಡಬ್ಬಿಯೊಳಗೆ ಬಂದು ಕೂರುತ್ತಿತ್ತು. ಈಗ ಆ ಡಬ್ಬಿಯೂ ಮರೆಯಾಗಿ, ಹಾಡು ಮೊಬೈಲಿನೊಳಗೆ ಸೇರಿದೆ. ಆದರೆ ಇಂಥ ಒಂದು ಸಂಗ್ರಹ ಕನ್ನಡದ ನೆಲದಲ್ಲಿ 400 ವರ್ಷಗಳ ಹಿಂದೆಯೇ ಸಿದ್ಧವಾಗಿತ್ತು. ಅದನ್ನು ಕಟ್ಟಿದವನು ವೃತ್ತಿಯಿಂದ ಗಾಯಕನಲ್ಲ, ವಿಜಾಪುರದ ಸಿಂಹಾಸನದ ಮೇಲೆ 47 ವರ್ಷ ಕುಳಿತ ಎರಡನೇ ಇಬ್ರಾಹೀಮ್ ಆದಿಲ್ ಶಾಹ. ಆ ಸಂಗ್ರಹದ ಹೆಸರು ‘ಕಿತಾಬ್-ಎ-ನೌರಸ್’.

ಈ ಪುಸ್ತಕದ ಬಗ್ಗೆ ಕಲಬುರಗಿಯವರಾದ ನಾವು ಮಾತಾಡಲು ಒಂದು ಕಾರಣವಿದೆ. ಇಬ್ರಾಹೀಮನು ತನ್ನ ಹಾಡುಗಳಲ್ಲಿ ಮತ್ತೆ ಮತ್ತೆ ನೆನೆಯುವ ಪೀರರು ನಮ್ಮ ಊರಿನಲ್ಲಿ ಮಲಗಿದ್ದಾರೆ. ಅವರೇ ಹಜರತ್ ಸೈಯದ್ ಮುಹಮ್ಮದ್ ಹುಸೈನಿ ಗೇಸೂದರಾಜ್, ಜನ ಪ್ರೀತಿಯಿಂದ ಕರೆಯುವ ಖ್ವಾಜಾ ಬಂದೇ ನವಾಜ್. ವಿಜಾಪುರದ ಅರಮನೆಯಲ್ಲಿ ತಂಬೂರಿ ಹಿಡಿದು ಕುಳಿತ ಸುಲ್ತಾನನ ಮನಸ್ಸು ಕಲಬುರಗಿಯ ದರ್ಗಾದ ಕಡೆಗೆ ಹರಿಯುತ್ತಿತ್ತು. ಆದರೂ ಕಲಬುರಗಿಯ ಕೋಟೆಯ ಸುತ್ತ ಓಡಾಡುವ ಹುಡುಗರನ್ನಾಗಲಿ, ಕುಸನೂರ, ಕಮಲಾಪುರಗಳ ಶಾಲೆಯ ಮಕ್ಕಳನ್ನಾಗಲಿ ಕೇಳಿದರೆ ಈ ಪುಸ್ತಕದ ಹೆಸರು ಗೊತ್ತಿರುವವರು ಸಿಗುವುದು ಅಪರೂಪ. ಗೋಲಗುಮ್ಮಟದ ಹೆಸರು ಎಲ್ಲರಿಗೂ ಗೊತ್ತು. ಕಲ್ಲು ಉಳಿದಷ್ಟು ಹಾಡು ನೆನಪಿನಲ್ಲಿ ಉಳಿಯಲಿಲ್ಲ.

ಹಾಡಿಗೆ ಮೊದಲು ನೆಲ ಹದವಾದದ್ದು

ಗೇಸೂದರಾಜರು ದೆಹಲಿಯನ್ನು ಬಿಟ್ಟು ದಖ್ಖನ್ನಿಗೆ ಬಂದದ್ದು 14ನೇ ಶತಮಾನದ ಕೊನೆಯಲ್ಲಿ, ತೈಮೂರನ ದಾಳಿಯ ಹೊತ್ತಿಗೆ. ಆಗ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿ, ಫಿರೋಜ್ ಶಾಹ ಆಳುತ್ತಿದ್ದ ಕಾಲ. ಚಿಶ್ತಿ ಪರಂಪರೆಯ ಈ ಹಿರಿಯರು ಬರುವಾಗ ತಮ್ಮೊಂದಿಗೆ ‘ಸಮಾ’ ಎಂಬ ಸಂಗೀತ ಸಭೆಯನ್ನೂ ತಂದರು. ಮೊದಲು ಅವರ ಖಾನ್‌ಖಾಹ ಕೋಟೆಯ ಸಮೀಪದಲ್ಲೇ ಇತ್ತು. ಅಲ್ಲಿ ಸೇರುವ ಜನಸಂದಣಿ, ಹಾಡಿನ ಸದ್ದು ಅರಮನೆಗೆ ಹಿತವಾಗದೆ, ಸುಲ್ತಾನನ ಸೂಚನೆಯ ಮೇಲೆ ಅವರು ಕೋಟೆಯಿಂದ ದೂರ ಸರಿದರು. ಇಂದು ದರ್ಗಾ ಇರುವುದು ಹಾಗೆ ಸರಿದು ಹೋದ ಜಾಗದಲ್ಲಿ. 1422ರಲ್ಲಿ ಅವರು ತೀರಿಕೊಂಡರು. ಕೋಟೆ ಈಗ ಖಾಲಿ ಬಿದ್ದಿದೆ, ದರ್ಗಾದಲ್ಲಿ ಪ್ರತಿ ವರ್ಷ ಜಿಲ್‌ಕಾದ್ ತಿಂಗಳಲ್ಲಿ ಉರುಸು ತುಂಬಿ ಹರಿಯುತ್ತದೆ.

ಗೇಸೂದರಾಜರು ಅರಬ್ಬಿ, ಪರ್ಶಿಯನ್ ಎರಡರಲ್ಲೂ ಪ್ರಕಾಂಡ ಪಂಡಿತರು. ಹಾಗಿದ್ದೂ ಅವರ ಮಾತುಗಳನ್ನು ಅವರ ಮಗ ಸಂಗ್ರಹಿಸಿದ ‘ಜವಾಮಿ-ಉಲ್-ಕಲಿಮ್’ ಗ್ರಂಥದಲ್ಲಿ ಹಿಂದವಿ ಹಾಡುಗಳ ಬಗ್ಗೆ ಒಂದು ವಿಶೇಷ ವಿಚಾರವಿದೆ. ಪ್ರತಿಯೊಂದು ಭಾಷೆಗೂ ಅದರದೇ ಗುಣವಿದೆ, ಆದರೆ ಹಿಂದವಿಯ ಹಾಡು ಮೃದುವಾದದ್ದು, ಮನಸ್ಸನ್ನು ಕರಗಿಸುವ ಶಕ್ತಿ ಅದಕ್ಕೆ ಹೆಚ್ಚು ಎಂಬ ಭಾವ ಅಲ್ಲಿ ವ್ಯಕ್ತವಾಗಿದೆ. ಇದು ಒಬ್ಬ ಸಂಗೀತಪ್ರಿಯರ ಅಭಿರುಚಿಯ ಮಾತಷ್ಟೇ ಅಲ್ಲ. ಧರ್ಮದ ಅನುಭವವನ್ನು ಜನ ಆಡುವ ಭಾಷೆಯಲ್ಲೇ ಹೇಳಬೇಕು ಎಂಬ ನಿಲುವು ಅದರಲ್ಲಿದೆ. ಮುಂದಿನ ಎರಡು ಮೂರು ಶತಮಾನಗಳಲ್ಲಿ ದಖ್ಖನ್ನಿನ ಸೂಫಿಗಳು ಬೀಸುಕಲ್ಲಿನ ಹಾಡಿನ ಧಾಟಿಯಲ್ಲಿ ‘ಚಕ್ಕಿನಾಮಾ’ಗಳನ್ನೂ, ನೂಲುವ ಹಾಡಿನ ಧಾಟಿಯಲ್ಲಿ ‘ಚರಖಾನಾಮಾ’ಗಳನ್ನೂ ಬರೆದರು. ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಲ್ಲಿ ಅಲ್ಲಾಹನ ಹೆಸರು, ಪೀರರ ಹೆಸರು ಸೇರಿಕೊಂಡವು. ಕನ್ನಡದ ಮನೆಗಳಲ್ಲಿ ಬೀಸುವ ಪದ ಹಾಡುತ್ತಿದ್ದ ತಾಯಂದಿರಿಗೂ ಪಕ್ಕದ ಮನೆಯಲ್ಲಿ ಚಕ್ಕಿನಾಮಾ ಹಾಡುತ್ತಿದ್ದ ತಾಯಂದಿರಿಗೂ ನಡುವೆ ಇದ್ದ ಅಂತರ ಭಾಷೆಯದು ಮಾತ್ರ, ಕೆಲಸ ಒಂದೇ, ಕಲ್ಲೂ ಒಂದೇ.

ಬಹಮನಿ ರಾಜ್ಯ ಒಡೆದು ಐದಾದಾಗ ವಿಜಾಪುರ ಆದಿಲ್ ಶಾಹಿಗಳ ಪಾಲಿಗೆ ಬಂತು. ಅಲ್ಲಿಯ ಅರಮನೆಯಲ್ಲಿ ಎರಡು ಬಣಗಳ ನಡುವೆ ತಿಕ್ಕಾಟ ಎಂದೂ ನಿಲ್ಲಲಿಲ್ಲ. ಇರಾನ್ ಮುಂತಾದ ಕಡೆಯಿಂದ ಬಂದ ‘ಆಫಾಕಿ’ಗಳು ಒಂದು ಕಡೆ. ಇಲ್ಲೇ ನೆಲೆಸಿ ತಲೆಮಾರುಗಳು ಕಳೆದಿದ್ದ ದಖನಿಗಳು, ಆಫ್ರಿಕಾ ಮೂಲದ ಹಬ್ಶಿಗಳು ಇನ್ನೊಂದು ಕಡೆ. ಆಫಾಕಿಗಳಲ್ಲಿ ಹೆಚ್ಚಿನವರು ಶಿಯಾ, ದಖನಿಗಳಲ್ಲಿ ಹೆಚ್ಚಿನವರು ಸುನ್ನಿ. ಅವರ ಭಾಷೆ ಪರ್ಶಿಯನ್, ಇವರ ಭಾಷೆ ದಖನಿ. ಸುಲ್ತಾನ ಬದಲಾದಾಗಲೆಲ್ಲ ಯಾವ ಬಣಕ್ಕೆ ಅಧಿಕಾರ, ಖುತ್ಬಾ ಯಾವ ರೀತಿಯಲ್ಲಿ, ಕಚೇರಿಯಲ್ಲಿ ಯಾವ ಭಾಷೆ ಎಂಬುದೆಲ್ಲ ಬದಲಾಗುತ್ತಿತ್ತು. ನೌರಸ್ ಹುಟ್ಟಿದ್ದು ಈ ಜಗಳದ ನಡುವೆ ಎಂಬುದನ್ನು ನಾವು ಮರೆಯಬಾರದು.

ಹುಡುಗ ದೊರೆ

1580ರಲ್ಲಿ ಒಂದನೇ ಅಲಿ ಆದಿಲ್ ಶಾಹ ಕೊಲೆಯಾದ. ಅವನಿಗೆ ಮಕ್ಕಳಿರಲಿಲ್ಲ. ತಮ್ಮ ತಹಮಾಸ್ಪನ ಮಗ ಇಬ್ರಾಹೀಮನನ್ನು ಪಟ್ಟಕ್ಕೆ ಕೂರಿಸಿದಾಗ ಹುಡುಗನಿಗೆ ಸುಮಾರು ಒಂಬತ್ತು ವರ್ಷ. ಅವನನ್ನು ಸಾಕಿ ಬೆಳೆಸಿದವಳು ಅಲಿಯ ಹೆಂಡತಿ ಚಾಂದ್ ಬೀಬಿ. ಅಹಮದ್‌ನಗರದ ಮಗಳು, ವಿಜಾಪುರದ ಸೊಸೆ. ಹುಡುಗನ ಹೆಸರಿನಲ್ಲಿ ಆಳಲು ಹೊರಟ ಸರದಾರರು ಒಬ್ಬರ ಮೇಲೊಬ್ಬರು ಬಿದ್ದರು. ಅವರಲ್ಲಿ ಕಿಶ್ವರ್ ಖಾನ್ ಎಂಬುವನು ಚಾಂದ್ ಬೀಬಿಯನ್ನೇ ಸತಾರಾ ಕೋಟೆಯಲ್ಲಿ ಸೆರೆಯಿಟ್ಟ. ಆಮೇಲೆ ದಿಲಾವರ್ ಖಾನನ ಬಿಗಿ ಹಿಡಿತ. 1590ರಲ್ಲಿ ಆ ಹಿಡಿತವನ್ನು ಬಿಡಿಸಿಕೊಂಡು ಇಬ್ರಾಹೀಮ್ ತಾನೇ ಆಳತೊಡಗಿದ. ಹತ್ತು ವರ್ಷ ಇತರರ ಕೈಯಲ್ಲಿ ಬೊಂಬೆಯಾಗಿದ್ದ ಹುಡುಗ ಆ ದಿನಗಳಲ್ಲಿ ಸಂಗೀತದ ಆಸರೆ ಹಿಡಿದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಅವನನ್ನು ದೋಷವೇ ಇಲ್ಲದ ದೊರೆಯೆಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ. 1594ರಲ್ಲಿ ಬೆಳಗಾವಿಯಲ್ಲಿ ಬಂಡೆದ್ದ ಸ್ವಂತ ತಮ್ಮ ಇಸ್ಮಾಯೀಲನನ್ನು ಅವನು ಉಳಿಸಲಿಲ್ಲ. ಆ ಕಾಲದ ಅರಸೊತ್ತಿಗೆಯ ಕ್ರೌರ್ಯದಿಂದ ಹಾಡುಗಾರ ಸುಲ್ತಾನನೂ ಹೊರತಾಗಿರಲಿಲ್ಲ. ಹಾಡನ್ನು ಪ್ರೀತಿಸುವವರೆಲ್ಲ ಮೃದುಹೃದಯಿಗಳು ಎಂಬ ನಂಬಿಕೆ ಇತಿಹಾಸದ ಮುಂದೆ ನಿಲ್ಲುವುದಿಲ್ಲ.

1580ರಲ್ಲೇ ಗೋಲ್ಕೊಂಡದಲ್ಲಿ ಮುಹಮ್ಮದ್ ಕುಲಿ ಕುತುಬ್ ಶಾಹ ಪಟ್ಟಕ್ಕೆ ಬಂದ. ಹೈದರಾಬಾದ್ ನಗರವನ್ನು ಕಟ್ಟಿದವನು, ದಖನಿಯಲ್ಲಿ ಮಳೆಗಾಲದ ಮೇಲೆ, ಬಸಂತದ ಮೇಲೆ, ಈದ್ ಹಬ್ಬದ ಮೇಲೆ ಕವಿತೆ ಬರೆದವನು ಅವನೇ. ಅವನ ತಂಗಿ ಇಬ್ರಾಹೀಮನ ಹೆಂಡತಿಯಾಗಿ ವಿಜಾಪುರಕ್ಕೆ ಬಂದಳು. ಹೀಗೆ ಒಬ್ಬ ಕವಿ ದೊರೆ, ಒಬ್ಬ ಹಾಡುಗಾರ ದೊರೆ, ಇಬ್ಬರೂ ಒಂದೇ ಕಾಲದಲ್ಲಿ ಬೀಗರಾಗಿ ಬಾಳಿದರು. ಇಬ್ಬರೂ ಪರ್ಶಿಯನ್ ಬಿಟ್ಟು ಜನ ಆಡುವ ದಖನಿಯನ್ನು ಕೈಗೆತ್ತಿಕೊಂಡರು.

ಪುಸ್ತಕದ ಒಳಗೆ ಏನಿದೆ?

ಇಂದು ವಿದ್ವಾಂಸರು ಒಪ್ಪುವ ಪಠ್ಯದಲ್ಲಿ 59 ಹಾಡುಗಳು ಮತ್ತು 17 ದೋಹೆಗಳಿವೆ. ಪ್ರತಿ ಹಾಡಿನ ನೆತ್ತಿಯ ಮೇಲೆ ಅದನ್ನು ಯಾವ ರಾಗದಲ್ಲಿ ಹಾಡಬೇಕೆಂದು ಬರೆದಿದೆ. ರಾಗ ಎನ್ನುವ ಕಡೆ ‘ಮಕಾಮ್’ ಎಂಬ ಪದವನ್ನು ಬಳಸಿದೆ. ಭೂಪಾಲಿ, ಭೈರವ, ರಾಮಕ್ರಿ, ಆಸಾವರಿ, ತೋಡಿ, ಮಲ್ಹಾರ, ಗೌರಿ, ಕಲ್ಯಾಣ, ಧನಾಶ್ರೀ, ಕೇದಾರ, ಕಾನಡಾ ಮುಂತಾದ ರಾಗಗಳು ಅಲ್ಲಿವೆ. ಜೊತೆಗೆ ಪರ್ಶಿಯನ್ ಹೆಸರಿನ ‘ನೌರೋಜ್’ ಕೂಡ ಇದೆ. ಈ ಪಟ್ಟಿಯಲ್ಲಿ ಕಾನಡಾ ರಾಗವನ್ನು ಕಂಡಾಗ ಕನ್ನಡಿಗರ ಕಿವಿ ನೆಟ್ಟಗಾಗಬೇಕು. ಆ ಹೆಸರಿನಲ್ಲಿಯೇ ಕರ್ಣಾಟ ಇದೆ. ಹಾಡುಗಳ ಭಾಷೆ ದಖನಿಯಾದರೂ ಅದರ ತುಂಬ ಸಂಸ್ಕೃತದಿಂದ ಬಂದ ಪದಗಳಿವೆ. ಧ್ರುಪದದ ರೂಪದಲ್ಲಿ ಅವುಗಳನ್ನು ಹಾಡುತ್ತಿದ್ದರು.

ವಿಷಯಗಳ ವೈವಿಧ್ಯವನ್ನು ನೋಡಿದರೆ ನಾವು ಆರಂಭದಲ್ಲಿ ಹೇಳಿದ ಸಿ.ಡಿ. ಡಬ್ಬಿಯ ನೆನಪಾಗುತ್ತದೆ. ಒಂದು ಗುಂಪಿನಲ್ಲಿ ಪ್ರವಾದಿ ಮುಹಮ್ಮದ್ (ಸ) ಅವರ ಸ್ತುತಿ, ಗೇಸೂದರಾಜರ ಸ್ತುತಿ. ಇನ್ನೊಂದರಲ್ಲಿ ವಿದ್ಯೆಗೆ ಒಡತಿಯಾದ ಸರಸ್ವತಿ, ವಿಘ್ನ ಕಳೆಯುವ ಗಣಪತಿ, ಶಿವ ಪಾರ್ವತಿಯರ ವರ್ಣನೆ. ಮತ್ತೊಂದು ಗುಂಪಿನಲ್ಲಿ ರಾಗಗಳೇ ಮನುಷ್ಯರೂಪ ತಾಳಿ ಬರುತ್ತವೆ. ಭೈರವ ರಾಗ ಗಂಗೆ, ಚಂದ್ರರನ್ನು ಮುಡಿದ ಶಿವನಾಗಿ ಕಾಣಿಸಿಕೊಳ್ಳುತ್ತದೆ. ಬೇರೆ ರಾಗಗಳು ತಮ್ಮ ತಮ್ಮ ಉಡುಪು, ಒಡವೆ, ಬಣ್ಣಗಳೊಂದಿಗೆ ನಿಲ್ಲುತ್ತವೆ. ಇವಲ್ಲದೆ ವಿರಹದ ಹಾಡುಗಳಿವೆ, ಮನೆಯ ಹೆಣ್ಣುಮಕ್ಕಳ ನೆನಪಿದೆ. ಸುಲ್ತಾನನ ಪ್ರೀತಿಯ ಆನೆ ಆತಿಶ್ ಖಾನನಿಗೂ ಹಾಡಿದೆ. ಅವನ ತಂಬೂರಿಗೂ ಹಾಡಿದೆ. ಆ ತಂಬೂರಿಗೆ ಅವನಿಟ್ಟ ಹೆಸರು ಮೋತಿ ಖಾನ್. ಒಂದು ವಾದ್ಯವನ್ನು ಆಸ್ಥಾನದ ಸರದಾರನಂತೆ ‘ಖಾನ್’ ಎಂದು ಕರೆದು, ಅದರ ಅಗಲಿಕೆಯನ್ನು ಹಾಡಿದ ದೊರೆಗಳು ನಮ್ಮ ಚರಿತ್ರೆಯಲ್ಲಿ ಎಷ್ಟು ಮಂದಿ?

‘ನೌರಸ್’ ಎಂಬ ಪದದಲ್ಲೇ ಎರಡು ಭಾಷೆಗಳು ಕೈಕೈ ಹಿಡಿದಿವೆ. ಸಂಸ್ಕೃತದ ಕಿವಿಯಿಂದ ಕೇಳಿದರೆ ಅದು ಕಾವ್ಯಶಾಸ್ತ್ರದ ಒಂಬತ್ತು ರಸ. ಪರ್ಶಿಯನ್ ಕಿವಿಯಿಂದ ಕೇಳಿದರೆ ಹೊಸದಾಗಿ ಬಂದದ್ದು, ಹೊಸ ಫಲ ಎಂಬ ಧ್ವನಿ. ಈ ಪದ ಇಬ್ರಾಹೀಮನ ತಲೆಗೆ ಎಷ್ಟು ಹಿಡಿದಿತ್ತೆಂದರೆ ಅವನ ಕಾಲದ ನಾಣ್ಯಕ್ಕೆ ನೌರಸ್, ಮುದ್ರೆಗೆ ನೌರಸ್, ಹಬ್ಬಕ್ಕೆ ನೌರಸ್, ಅರಮನೆಗೆ ನೌರಸ್. ಕೊನೆಗೆ 1599ರಲ್ಲಿ ವಿಜಾಪುರದ ಪಶ್ಚಿಮಕ್ಕೆ ಕಟ್ಟತೊಡಗಿದ ಹೊಸ ಪಟ್ಟಣಕ್ಕೂ ನೌರಸ್‌ಪುರ ಎಂದೇ ಹೆಸರು.

ಈ ಪುಸ್ತಕಕ್ಕೆ ಮುನ್ನುಡಿ ಬರೆದವನು ಇರಾನಿನಿಂದ ಬಂದ ಮಹಾಕವಿ ಜುಹೂರಿ. ಅವನ ಪರ್ಶಿಯನ್ ಗದ್ಯ ಎಷ್ಟು ಪ್ರಸಿದ್ಧವಾಯಿತೆಂದರೆ, ಮುಂದೆ ಹಿಂದೂಸ್ಥಾನದ ಉದ್ದಗಲಕ್ಕೂ ಪರ್ಶಿಯನ್ ಕಲಿಯುವವರು ‘ಸೇಹ್ ನಸ್ರ್’ ಎಂಬ ಹೆಸರಿನಲ್ಲಿ ಅದನ್ನು ಪಾಠವಾಗಿ ಓದಿದರು. ಹಾಡನ್ನು ಮರೆತ ಕಾಲದಲ್ಲೂ ಮುನ್ನುಡಿ ಉಳಿಯಿತು! ಆದರೆ ಇದರ ಇನ್ನೊಂದು ಅರ್ಥವನ್ನೂ ನಾವು ಗಮನಿಸಬೇಕು. ದಖನಿಯಲ್ಲಿ ಹಾಡು, ಪರ್ಶಿಯನ್ನಿನಲ್ಲಿ ಮುನ್ನುಡಿ, ಸಂಸ್ಕೃತದ ರಸತತ್ವ. ಅರಮನೆಯಲ್ಲಿ ಜಗಳವಾಡುತ್ತಿದ್ದ ಬಣಗಳೂ ಹೊರಗಿದ್ದ ಪ್ರಜೆಗಳೂ ಒಂದೇ ಹೊತ್ತಗೆಯ ಸುತ್ತ ಕೂರುವಂತೆ ಮಾಡಿದ ಉಪಾಯವಿದು. ಅದು ಪೂರ್ತಿ ಫಲಿಸಿತೆಂದು ನಾವು ಹೇಳುವುದಿಲ್ಲ. ಪ್ರಯತ್ನ ನಡೆದದ್ದು ನಿಜ.

ಸುಂದರ ಅಕ್ಷರಗಳಲ್ಲಿ ಈ ಪುಸ್ತಕವನ್ನು ನಕಲು ಮಾಡಲು ದೊಡ್ಡ ದೊಡ್ಡ ಲಿಪಿಕಾರರನ್ನು ನೇಮಿಸಲಾಗಿತ್ತು. ಅವರಲ್ಲಿ ಖಲೀಲುಲ್ಲಾಹ್ ಎಂಬವನ ಪ್ರತಿಯನ್ನು ಮೆಚ್ಚಿ ಸುಲ್ತಾನ ಅವನಿಗೆ ‘ಲೇಖನಿಯ ಬಾದಶಹ’ ಎಂಬ ಬಿರುದು ಕೊಟ್ಟ. ಹಾಡುಗಳು ಒಂದೇ ಸಲಕ್ಕೆ ಹುಟ್ಟಿದವಲ್ಲ, ಹಲವು ವರ್ಷಗಳಲ್ಲಿ ಸೇರುತ್ತ ಹೋದವು. ಹೀಗಾಗಿ ಪ್ರತಿಯಿಂದ ಪ್ರತಿಗೆ ಹಾಡುಗಳ ಸಂಖ್ಯೆಯೂ ಕ್ರಮವೂ ಬೇರೆಯಾಗಿವೆ. ಇವನ್ನೆಲ್ಲ ಕೂಡಿಸಿ ನೋಡಿ, ಪಾಠ ಶುದ್ಧಗೊಳಿಸಿ 1956ರಲ್ಲಿ ದೆಹಲಿಯಿಂದ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದವರು ಪರ್ಶಿಯನ್ ವಿದ್ವಾಂಸ ನಜೀರ್ ಅಹ್ಮದ್. ಇಂದು ನೌರಸ್ ಬಗ್ಗೆ ಯಾರು ಬರೆದರೂ ಅವರ ದುಡಿಮೆಗೆ ಋಣಿಗಳು.

ತಾನಸೇನ ನಿಂತು ಹಾಡುತ್ತಾನೋ, ಕುಳಿತೋ?

ಅಕ್ಬರ್ ಬಾದಶಹನ ರಾಯಭಾರಿಯಾಗಿ ಅಸದ್ ಬೇಗ್ 1603-04ರಲ್ಲಿ ವಿಜಾಪುರಕ್ಕೆ ಬಂದ. ಇಬ್ರಾಹೀಮನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಡುವ ಮದುವೆಯ ಮಾತು ಮುಗಿಸಿ, ಹುಡುಗಿಯನ್ನು ಕರೆದೊಯ್ಯುವುದು ಅವನ ಕೆಲಸ. ಅವನು ಬರೆದಿಟ್ಟ ನೆನಪುಗಳಲ್ಲಿ ವಿಜಾಪುರದ ಬಜಾರಿನ ವೈಭವದ ಜೊತೆಗೆ ಸುಲ್ತಾನನ ಸಂಗೀತದ ಹುಚ್ಚೂ ದಾಖಲಾಗಿದೆ. ಹಾಡು ನಡೆಯುತ್ತಿದ್ದಾಗ ಸುಲ್ತಾನ ಅದರಲ್ಲಿ ಎಷ್ಟು ಮುಳುಗಿದ್ದನೆಂದರೆ ರಾಯಭಾರಿಯ ಮಾತಿಗೆ ಉತ್ತರ ಕೊಡುವುದೇ ಕಷ್ಟವಾಗಿತ್ತು. ಅವನು ಕೇಳಿದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ತಾನಸೇನನು ಬಾದಶಹನ ಮುಂದೆ ನಿಂತು ಹಾಡುತ್ತಿದ್ದನೋ, ಕುಳಿತು ಹಾಡುತ್ತಿದ್ದನೋ? ದರ್ಬಾರಿನಲ್ಲಿ ನಿಂತೇ ಹಾಡಬೇಕಿತ್ತು, ಖಾಸಗಿ ಕೂಟಗಳಲ್ಲಿ ಕೂರಲು ಅಪ್ಪಣೆಯಿತ್ತು ಎಂಬುದು ಅಸದ್ ಬೇಗನ ಉತ್ತರ.

ರಾಜಕೀಯದ ನೂರು ವಿಷಯಗಳಿರುವಾಗ ಒಬ್ಬ ದೊರೆ ಇದನ್ನೇಕೆ ಕೇಳಿದ? ಕಲಾವಿದ ನಿಲ್ಲಬೇಕೋ ಕೂರಬೇಕೋ ಎಂಬುದು ಕಲೆಗೆ ರಾಜ್ಯ ಕೊಡುವ ಸ್ಥಾನದ ಪ್ರಶ್ನೆ. ಇಬ್ರಾಹೀಮನ ಆಸ್ಥಾನದ ಗಾಯಕ ಬಖ್ತರ್ ಖಾನ್ ಮುಂದೆ ಉತ್ತರಕ್ಕೆ ಹೋದಾಗ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅವನ ಬಗ್ಗೆ ಬರೆದ. ಸುಲ್ತಾನ ತನ್ನ ಬಂಧುವಿನ ಮಗಳನ್ನೇ ಈ ಗಾಯಕನಿಗೆ ಮದುವೆ ಮಾಡಿಕೊಟ್ಟು, ಧ್ರುಪದದಲ್ಲಿ ಅವನನ್ನು ಗುರುವೆಂದು ಗೌರವಿಸಿದ್ದ ಸಂಗತಿ ಅಲ್ಲಿದೆ. ಹಾಡುಗಾರರನ್ನು ಕೆಳಗೆ ಕೂರಿಸಿ ಬಕ್ಷೀಸು ಎಸೆಯುವ ಸಮಾಜದಲ್ಲಿ ಇದು ಸಣ್ಣ ಮಾತಲ್ಲ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮರಳಿ ಹೋಗುವಾಗ ಅಸದ್ ಬೇಗ್ ವಿಜಾಪುರದ ಬಜಾರಿನಲ್ಲಿ ಕಂಡ ಒಂದು ಹೊಸ ವಸ್ತುವನ್ನು ಕೊಂಡೊಯ್ದು ಅಕ್ಬರನಿಗೆ ಒಪ್ಪಿಸಿದ. ಅದು ತಂಬಾಕು. ಮೊಗಲ್ ದರ್ಬಾರಿಗೆ ಹುಕ್ಕಾ ಹೋದದ್ದು ನಮ್ಮ ಕಡೆಯಿಂದ! ತಂಬಾಕು ನೆನಪಿನಲ್ಲಿ ಉಳಿದಷ್ಟು ನೌರಸ್ ಉಳಿಯಲಿಲ್ಲ ಎಂಬುದು ವ್ಯಂಗ್ಯ.

ಆ ಕಾಲದ ಸಂಗೀತದ ಕೊಡುಕೊಳ್ಳುವಿಕೆ ವಿಜಾಪುರಕ್ಕೆ ಸೀಮಿತವಾಗಿರಲಿಲ್ಲ. ಶಿವಗಂಗೆಯ ಹತ್ತಿರದ ಸಾತನೂರಿನವನಾದ ಪುಂಡರೀಕ ವಿಠ್ಠಲ ಎಂಬ ಕನ್ನಡಿಗ ಖಾನ್‌ದೇಶದ ಫಾರೂಕಿ ದೊರೆಯ ಆಶ್ರಯಕ್ಕೆ ಹೋಗಿ ಸಂಸ್ಕೃತದಲ್ಲಿ ಸಂಗೀತಶಾಸ್ತ್ರ ಬರೆದ. ಉತ್ತರ ದಕ್ಷಿಣಗಳ ರಾಗಗಳನ್ನು ಹೊಂದಿಸಿದ, ಪರ್ಶಿಯನ್ ರಾಗಗಳಿಗೆ ಸಮನಾದ ದೇಶಿ ರಾಗಗಳನ್ನು ಗುರುತಿಸಿದ. ಮುಸ್ಲಿಂ ದೊರೆ ಸರಸ್ವತಿಯನ್ನು ಹಾಡುವುದು, ಬ್ರಾಹ್ಮಣ ಶಾಸ್ತ್ರಕಾರ ಪರ್ಶಿಯನ್ ಮಕಾಮುಗಳನ್ನು ಪಟ್ಟಿ ಮಾಡುವುದು, ಎರಡೂ ಆ ಕಾಲದಲ್ಲಿ ನಡೆದವು.

ಸರಸ್ವತಿಯನ್ನು ಹಾಡಿದವನು ಯಾರು?

ಇಬ್ರಾಹೀಮನ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಜನ ಅವನನ್ನು ‘ಜಗದ್ಗುರು’ ಎಂದರು. ಸುಮಾರು 1604ರಲ್ಲಿ ಅವನ ಚಿತ್ರಕಾರ ಫರ್ರೂಖ್ ಹುಸೇನ್ ವೀಣೆ ಹಿಡಿದ ಸರಸ್ವತಿಯನ್ನು ಬರೆದ. ಆ ಚಿತ್ರ ಈಗ ಜೈಪುರದ ಅರಮನೆ ಸಂಗ್ರಹದಲ್ಲಿದೆ. ಗಣಪತಿಯನ್ನು ತಂದೆಯೆಂದೂ ಸರಸ್ವತಿಯನ್ನು ತಾಯಿಯೆಂದೂ ಹೇಳುವ ಮಾತು ಅದರ ಮೇಲಿದೆ. ಇದನ್ನು ಕಂಡು ಕೆಲವರು ಅವನು ಹಿಂದೂವೇ ಆಗಿಬಿಟ್ಟಿದ್ದ ಎನ್ನುತ್ತಾರೆ. ಇನ್ನು ಕೆಲವರು ಪ್ರಜೆಗಳನ್ನು ಮರುಳು ಮಾಡುವ ರಾಜತಂತ್ರ ಎನ್ನುತ್ತಾರೆ. ಮತ್ತೆ ಕೆಲವರು ದಾರಿ ತಪ್ಪಿದ ಮುಸ್ಲಿಮ್ ಎಂದು ಅವನನ್ನು ಬದಿಗೆ ಸರಿಸುತ್ತಾರೆ.

ಅವನ ಕಾಲದಲ್ಲೇ ಟೀಕೆ ಇತ್ತು. ವಿಜಾಪುರದಲ್ಲಿದ್ದ ಶತ್ತಾರಿ ಸೂಫಿ ಶಾಹ ಸಿಬ್ಗತುಲ್ಲಾಹ್ ಅವರು ಸುಲ್ತಾನನ ಆಡಳಿತದಲ್ಲಿ ಧರ್ಮಕ್ಕೆ ಹೊಂದದ ಸಂಗತಿಗಳನ್ನು ನೇರವಾಗಿಯೇ ಖಂಡಿಸಿದರು. ಕೊನೆಗೆ ಅವರು ಹಿಜಾಜಿಗೆ ತೆರಳಿ 1606ರಲ್ಲಿ ಮದೀನಾದಲ್ಲಿ ತೀರಿಕೊಂಡರು. ಸೂಫಿಗಳೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು, ಆ ಕಾಲದಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ ಎಂದು ಸೌಹಾರ್ದದ ಉತ್ಸಾಹದಲ್ಲಿ ನಾವು ಬರೆದರೆ ಅದು ಚರಿತ್ರೆಗೆ ಮಾಡುವ ಅಪಚಾರ.

ಆದರೆ ಪುಸ್ತಕವನ್ನೇ ಸಾಕ್ಷಿಯಾಗಿ ಕೂರಿಸಿದರೆ ಈ ಮೂರು ತೀರ್ಪುಗಳೂ ನಿಲ್ಲುವುದಿಲ್ಲ. ಹಿಂದೂವಾದ ಎನ್ನುವವರಿಗೆ ಅದೇ ಪುಸ್ತಕದಲ್ಲಿ ಪ್ರವಾದಿಯವರ ಸ್ತುತಿ, ಗೇಸೂದರಾಜರ ಮೇಲಿನ ಅಚಲ ಭಕ್ತಿ ಎದುರಾಗುತ್ತವೆ. ಅವನು ಮಲಗಿರುವ ಇಬ್ರಾಹೀಮ್ ರೋಜಾದ ಗೋಡೆಗಳ ತುಂಬ ಕುರ್‌ಆನಿನ ವಚನಗಳ ಕೆತ್ತನೆಯಿದೆ. ರಾಜತಂತ್ರ ಎನ್ನುವವರು ಇದನ್ನು ಯೋಚಿಸಬೇಕು: ಪ್ರಜೆಗಳನ್ನು ಒಲಿಸಿಕೊಳ್ಳುವುದಷ್ಟೇ ಉದ್ದೇಶವಾಗಿದ್ದರೆ ದಾನ ಸಾಕಿತ್ತು, ದತ್ತಿ ಸಾಕಿತ್ತು. ತಂಬೂರಿಯ ಅಗಲಿಕೆಯನ್ನು, ಆನೆಯ ಮೇಲಿನ ಮಮತೆಯನ್ನು ಹಾಡಿ ಯಾರ ಓಲೈಕೆ ಮಾಡಬೇಕಾಗಿತ್ತು?

ನಮ್ಮ ತಿಳಿವಳಿಕೆ ಇಷ್ಟು. ಭಾರತೀಯ ಸಂಗೀತವನ್ನು ಗುರುಮುಖದಿಂದ ಕಲಿತವನಿಗೆ ಸರಸ್ವತಿ, ಗಣಪತಿ, ಶಿವ ಇವರೆಲ್ಲ ಆ ವಿದ್ಯೆಯ ಒಳಗಿನ ಮಾತುಗಳು. ರಾಗಕ್ಕೆ ಒಂದು ರೂಪವಿದೆ, ರಸವಿದೆ ಎಂಬ ಕಲ್ಪನೆ ಆ ಭಾಷೆಯಲ್ಲಿಯೇ ಬೆಳೆದದ್ದು. ಇಬ್ರಾಹೀಮ್ ತನ್ನ ದೀನ್ ಬಿಡದೆ ಆ ವಿದ್ಯೆಗೆ ಪೂರ್ತಿಯಾಗಿ ತನ್ನನ್ನು ಒಪ್ಪಿಸಿಕೊಂಡ. ಅವನ ಎಲ್ಲ ಮಾತುಗಳನ್ನೂ ಇಂದಿನ ಮುಸ್ಲಿಮನು ಒಪ್ಪಬೇಕೆಂದಿಲ್ಲ. ತೌಹೀದಿನ ನೆಲೆಯಿಂದ ಪ್ರಶ್ನೆ ಕೇಳುವ ಹಕ್ಕು ಅಂದೂ ಇತ್ತು, ಇಂದೂ ಇದೆ. ಆದರೆ ಒಪ್ಪದಿರುವುದು ಬೇರೆ, ಅವನನ್ನು ನಮ್ಮ ಚರಿತ್ರೆಯಿಂದಲೇ ಅಳಿಸುವುದು ಬೇರೆ. ಮುಸ್ಲಿಂ ದೊರೆ ಎಂದರೆ ಗುಡಿ ಒಡೆದವನು ಮಾತ್ರ ಎಂದು ಕಲಿಸುವವರು ನೌರಸ್ ಪುಟ ತೆರೆಯುವುದಿಲ್ಲ. ಮುಸ್ಲಿಮರಾದ ನಾವೂ ತೆರೆಯದಿದ್ದರೆ ಇಬ್ಬರ ನಡುವೆ ಅದು ಧೂಳು ತಿನ್ನುತ್ತದೆ.

ಕನ್ನಡ ಎಲ್ಲಿತ್ತು?

ಕನ್ನಡದ ಓದುಗರು ಒಂದು ನ್ಯಾಯವಾದ ಪ್ರಶ್ನೆ ಕೇಳಬಹುದು. ಕನ್ನಡ ನಾಡಿನ ನಡುವೆ ಕುಳಿತು ಹಾಡಿದ ಈ ದೊರೆ ಕನ್ನಡದಲ್ಲೇಕೆ ಹಾಡಲಿಲ್ಲ? ಅರಮನೆಯ ನುಡಿ ದಖನಿ, ಲೆಕ್ಕಪತ್ರದಲ್ಲಿ ಮರಾಠಿ, ವಿದ್ವತ್ತಿಗೆ ಪರ್ಶಿಯನ್. ಕನ್ನಡ ಹೊಲದಲ್ಲಿ, ಮಠದಲ್ಲಿ, ಗುಡಿಯಲ್ಲಿ, ಸಂತೆಯಲ್ಲಿ ಇತ್ತು. ಈ ಕೊರತೆಯನ್ನು ನಾವು ಮುಚ್ಚಿಡಬೇಕಾಗಿಲ್ಲ.

ಆದರೆ ಎರಡೂ ಲೋಕಗಳು ಒಂದನ್ನೊಂದು ಕಾಣದೆ ಇದ್ದವು ಎಂದೂ ಅಲ್ಲ. ನೌರಸ್‌ಪುರ ಎದ್ದು ನಿಂತದ್ದು ತೊರವೆಯ ಪಕ್ಕದಲ್ಲಿ. ಅದೇ ತೊರವೆಯ ನರಸಿಂಹನ ಅಂಕಿತದಲ್ಲಿ ಕುಮಾರ ವಾಲ್ಮೀಕಿ ಕನ್ನಡದ ‘ತೊರವೆ ರಾಮಾಯಣ’ ಬರೆದಿದ್ದ. ಆ ನರಸಿಂಹನಿಗೂ ಇಬ್ರಾಹೀಮನಿಗೂ ನಂಟು ಕಟ್ಟುವ ಕಥೆಗಳು ವಿಜಾಪುರದ ಜನರ ಬಾಯಲ್ಲಿವೆ. ಇಬ್ರಾಹೀಮನ ಕಾಲದಲ್ಲೇ, 1611ರಲ್ಲಿ ಹುಟ್ಟಿದ ಮಹಿಪತಿದಾಸರು ಆದಿಲ್ ಶಾಹಿ ಅಧಿಕಾರಿಯಾಗಿದ್ದು, ಶಾಹ ನುಂಗಿ ಎಂಬ ಸೂಫಿಯ ಭೇಟಿಯಿಂದ ಬದುಕಿನ ದಾರಿ ಬದಲಿಸಿ ಹರಿದಾಸರಾದರೆಂದು ಪರಂಪರೆ ಹೇಳುತ್ತದೆ. ಕಾಖಂಡಕಿಯ ಈ ದಾಸರು ಕನ್ನಡದ ಜೊತೆಗೆ ಮರಾಠಿ, ಹಿಂದಿಗಳಲ್ಲೂ ಪದ ಕಟ್ಟಿದರು. ಅರಮನೆಯಲ್ಲಿ ಸುಲ್ತಾನ ಆರಂಭಿಸಿದ ಮಿಶ್ರಣವನ್ನು ಅರಮನೆಯಿಂದ ಹೊರಬಂದ ದಾಸರು ಕನ್ನಡದಲ್ಲಿ ಮುಂದುವರಿಸಿದಂತಾಯಿತು.

ಆಮೇಲೆ ಬಂದ ತತ್ವಪದಕಾರರ ಕಾಲದಲ್ಲಂತೂ ಈ ಕೆಲಸಕ್ಕೆ ಅರಮನೆಯ ಅಗತ್ಯವೇ ಉಳಿಯಲಿಲ್ಲ. ಶಿಶುನಾಳ ಶರೀಫರು (1819–1889) ಗೋವಿಂದ ಭಟ್ಟರ ಶಿಷ್ಯರಾಗಿ ಅಚ್ಚ ಕನ್ನಡದಲ್ಲಿ ಹಾಡಿದರು. ಕಲಬುರಗಿ, ಯಾದಗಿರಿಯ ಹಳ್ಳಿಗಳಲ್ಲಿ ಕಡಕೋಳ ಮಡಿವಾಳಪ್ಪನವರ ಪರಂಪರೆಯಲ್ಲಿ ಚನ್ನೂರ ಜಲಾಲಸಾಹೇಬರಂಥ ಮುಸ್ಲಿಂ ತತ್ವಪದಕಾರರು ಬಂದರು. ಏಕತಾರಿ ಹಿಡಿದು ಭಜನೆಗೆ ಕೂರುವವರು ಈ ಪದಗಳನ್ನು ಇಂದಿಗೂ ಹಾಡುತ್ತಾರೆ. ಮೊಹರಮ್ಮಿನ ಅಲಾವಿಯ ಸುತ್ತ ಕನ್ನಡದ ರಿವಾಯತ್ ಪದಗಳನ್ನು ಹಾಡುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಮಲ್ಲಿಕಾರ್ಜುನ ಮನ್ಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರ ಪಾದದ ಬಳಿ ಕುಳಿತು ಕಲಿತದ್ದು ಇದೇ ನದಿಯ ಇನ್ನೊಂದು ಕವಲು.

ಉಳಿದದ್ದು, ಅಳಿದದ್ದು

ನೌರಸ್‌ಪುರ ಹೆಚ್ಚು ಕಾಲ ಬಾಳಲಿಲ್ಲ. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್ ಅದನ್ನು ಸೂರೆ ಮಾಡಿದ. ಮೂರು ವರ್ಷಗಳ ನಂತರ, 1627ರಲ್ಲಿ, ಸುಲ್ತಾನನೂ ತೀರಿಕೊಂಡ. 1686ರಲ್ಲಿ ಔರಂಗಜೇಬ್ ವಿಜಾಪುರವನ್ನು ಗೆದ್ದಾಗ ಆದಿಲ್ ಶಾಹಿ ಕಥೆಯೇ ಮುಗಿಯಿತು. ಪೋಷಕರಿಲ್ಲದ ಕಲಾವಂತರು ಚೆದುರಿಹೋದರು. ತೊರವೆಯ ಬಳಿ ಸಂಗೀತ ಮಹಲಿನ ಪಾಳುಗೋಡೆಗಳು ನಿಂತಿವೆ. ತಂಬೂರಿ ನುಡಿಸುವ ಇಬ್ರಾಹೀಮನ ಚಿತ್ರವನ್ನು ನೋಡಬೇಕಾದರೆ ಯುರೋಪಿನ ಪ್ರಾಗ್ ನಗರದ ಸಂಗ್ರಹಾಲಯಕ್ಕೆ ಹೋಗಬೇಕು.

ಹಾಡಿನ ಸ್ಥಿತಿ ಇದಕ್ಕಿಂತ ಕಷ್ಟದ್ದು. ಪುಸ್ತಕದಲ್ಲಿ ಸಾಹಿತ್ಯವಿದೆ, ರಾಗದ ಹೆಸರಿದೆ, ಸ್ವರಲಿಪಿ ಇಲ್ಲ. ನಾಲ್ಕು ನೂರು ವರ್ಷಗಳಲ್ಲಿ ರಾಗಗಳ ಹೆಸರು ಉಳಿದರೂ ನಡೆ ಬದಲಾಗಿದೆ. ಅಂದಿನ ಭೂಪಾಲಿ ಇಂದಿನ ಭೂಪಾಲಿಯೇ ಎಂದು ಯಾರೂ ಪ್ರಮಾಣ ಮಾಡಲಾರರು. ಶರೀಫರ ಪದಗಳಿಗೆ ನಮ್ಮ ಕಾಲದಲ್ಲಿ ಸಿ. ಅಶ್ವಥ್ ಹೊಸ ಧಾಟಿ ಕೊಟ್ಟರು. 1990ರಲ್ಲಿ ಬಂದ ನಾಗಾಭರಣರ ಚಿತ್ರದ ಮೂಲಕ, ಕ್ಯಾಸೆಟ್ಟುಗಳ ಮೂಲಕ ಅವು ಮನೆ ಮನೆ ಸೇರಿದವು. ಮೂಲ ಧಾಟಿ ಯಾವುದೆಂಬ ಚರ್ಚೆ ಇದ್ದರೂ ಹಾಡು ಬದುಕಿತು. ನೌರಸ್‌ಗೆ ಅಂಥ ಭಾಗ್ಯ ಇನ್ನೂ ಕೂಡಿಬಂದಿಲ್ಲ.

ಅಕ್ಷರದ ಮಟ್ಟಿಗಾದರೂ ಕೆಲಸ ನಡೆದಿದೆ. 2010ರ ನಂತರದ ವರ್ಷಗಳಲ್ಲಿ ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲ್ ಶಾಹಿ ಕಾಲದ ಪರ್ಶಿಯನ್, ದಖನಿ ಸಾಹಿತ್ಯವನ್ನು ಕನ್ನಡಕ್ಕೆ ತರುವ ದೊಡ್ಡ ಯೋಜನೆಯನ್ನು ಕೈಗೆತ್ತಿಕೊಂಡಿತು. ಅದರ ಮುಂದಾಳುಗಳಲ್ಲಿ ಒಬ್ಬರು ವಚನ ಸಾಹಿತ್ಯದ ಮಹಾ ಸಂಶೋಧಕ ಎಂ.ಎಂ. ಕಲಬುರ್ಗಿ. ವಚನಗಳಿಗಾಗಿ ಬದುಕು ಸವೆಸಿದ ಅವರಿಗೆ ಆದಿಲ್ ಶಾಹಿ ಸಾಹಿತ್ಯವೂ ಕನ್ನಡ ನಾಡಿನ ಚರಿತ್ರೆಯೇ ಎಂಬ ಸ್ಪಷ್ಟ ತಿಳಿವು ಇತ್ತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಹಾಡನ್ನೂ ಗ್ರಂಥವನ್ನೂ ಒಂದು ಕೋಮಿನ ಆಸ್ತಿ ಮಾಡದೆ ಇಡೀ ನಾಡಿನ ಆಸ್ತಿಯೆಂದು ಕಂಡ ಒಂದು ಜೀವ ಹಾಗೆ ನಂದಿತು.

ಹೀಗಿರುವಾಗ ನಮ್ಮ ಮುಂದಿರುವ ಕೆಲಸ ಕಷ್ಟದ್ದೇನಲ್ಲ. ಕಲಬುರಗಿ, ವಿಜಯಪುರಗಳ ಕಾಲೇಜುಗಳಲ್ಲಿ ಕನ್ನಡ, ಉರ್ದು, ಸಂಗೀತ ವಿಭಾಗಗಳು ಒಂದು ದಿನ ಒಟ್ಟಿಗೆ ಕುಳಿತರೆ ನೌರಸ್‌ನ ನಾಲ್ಕು ಹಾಡುಗಳಿಗೆ ಮತ್ತೆ ಧಾಟಿ ಹುಡುಕಬಹುದು. ಮೂಲ ಧಾಟಿ ಸಿಗುವುದಿಲ್ಲ ಎಂಬುದು ನೆಪವಾಗಬಾರದು, ಶರೀಫರ ಉದಾಹರಣೆ ಕಣ್ಣ ಮುಂದಿದೆ. ಉರುಸಿನ ದಿನಗಳಲ್ಲಿ ಖ್ವಾಜಾ ಅವರ ಮೇಲೆ ಇಬ್ರಾಹೀಮ್ ಕಟ್ಟಿದ ಹಾಡೊಂದನ್ನು ಕನ್ನಡದ ವಿವರಣೆಯೊಂದಿಗೆ ಹಾಡಿಸಿದರೆ ಕುಸನೂರಿನಿಂದಲೂ ಕಮಲಾಪುರದಿಂದಲೂ ಬಂದ ಯಾತ್ರಿಕರು ಕುಳಿತು ಕೇಳುತ್ತಾರೆ. ಮನೆಯಲ್ಲಿ ಉರ್ದು ಓದಬಲ್ಲ ಹಿರಿಯರಿರುವ ನಮ್ಮ ಓದುಗರು ಮಕ್ಕಳನ್ನು ಕೂರಿಸಿಕೊಂಡು ಈ ಪುಸ್ತಕದ ಕಥೆಯನ್ನಾದರೂ ಹೇಳಬೇಕು. ವಿಜಾಪುರ ಎಂದರೆ ಗುಮ್ಮಟದ ಪ್ರತಿಧ್ವನಿ ಮಾತ್ರ ಎಂದು ಅವರು ತಿಳಿಯಬಾರದು. ಅಲ್ಲಿ ಮೂಲ ದನಿಯೂ ಒಂದಿತ್ತು.